ಜಗಳದ ಬೆಂಚು

ಮಾರ್ಚ್ 4, ಮಂಗಳವಾರ

ಗಿರಾಕಿಗಳ ಅಳತೆ ಬರೆದಿಡುವ ಪುಸ್ತಕದಲ್ಲಿ ಹಿಂದಿನ ಹಾಳೆಗಳು ಖಾಲಿ ಇದ್ದವು. ಸಂಜೆ ಹೊಲಿಗೆ ಮೆಷಿನ್ ಮುಚ್ಚಿದ ಮೇಲೆ ಇವತ್ತು ಯಾರು ಬಂದರು, ಯಾರ ಸೊಂಟ ದಪ್ಪವಾಯಿತು ಎಂದು ಹೇಳಲು ಮನೆಯಲ್ಲಿ ಯಾರೂ ಇಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ದೊಡ್ಡ ಕಾರಣವೇನಿಲ್ಲ.

ಅಕ್ಕ ಸತ್ತು ಒಂದು ತಿಂಗಳಾಯಿತು. ಬರೆದು ನೋಡಿದೆ, ಏನೂ ಆಗಲಿಲ್ಲ. ನಾನು ಅಳಲೇ ಇಲ್ಲವೆಂದು ಬೀದಿಯಲ್ಲಿ ಮಾತಾಡಿಕೊಳ್ಳುತ್ತಾರಂತೆ. ಮಾತಾಡಿಕೊಳ್ಳಲಿ. ಆಡುವವರ ಬಾಯಿ ಹೊಲಿಯುವ ದಾರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಮೆಷಿನ್ ಮುಂದೆ ಕೂತರೆ ಎದುರಿಗೆ ಬೀದಿಯವರು ಸೇರುವ ಭವನದ ಬಾಗಿಲು ಕಾಣುತ್ತದೆ. ನಮ್ಮ ಮನೆಗೂ ಅದಕ್ಕೂ ನಡುವೆ ಬೀದಿಯ ಅಗಲ ಅಷ್ಟೇ. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತಳಾದಾಗಿನಿಂದ ಅದರ ಬೀಗದ ಕೈ ಅವಳ ಹತ್ತಿರವೇ ಇತ್ತು. ದಿನಾ ಸಂಜೆ ತೆರೆದು, ಕುರ್ಚಿ ಹಾಕಿ, ಬೀದಿಗೆ ಕೇಳುವ ಹಾಗೆ ಒಂದು ಕೂಗು ಹಾಕುತ್ತಿದ್ದಳು. ಬೀದಿಗೆಲ್ಲ ಅವಳು ಅಕ್ಕ, ನಾನು ಅಕ್ಕನ ತಂಗಿ. ಈಗ ಬೀಗದ ಕೈ ನಮ್ಮ ಬಾಗಿಲ ಹಿಂದೆ ಮೊಳೆಯಲ್ಲಿ ನೇತಾಡುತ್ತಿದೆ. ಯಾರಾದರೂ ಕೇಳಿದರೆ ತೆರೆಯುತ್ತೇನೆ. ಕೇಳದಿದ್ದರೆ ಇಲ್ಲ.

ಮಾರ್ಚ್ 7, ಶುಕ್ರವಾರ

ಮೇಷ್ಟ್ರು ಬಂದಿದ್ದರು. ಶಾಲೆ ಬಿಟ್ಟು ಹತ್ತು ವರ್ಷವಾದರೂ ಎದುರಿಗಿದ್ದವರೆಲ್ಲ ಐದನೇ ತರಗತಿ ಎಂದೇ ಅವರ ಎಣಿಕೆ. ಭವನದ ಸಮಿತಿಗೆ ಅವರೇ ಅಧ್ಯಕ್ಷರು.

ಭವನ ನೂರು ವರ್ಷಕ್ಕೂ ಹಳೆಯದು. ಜಾಗ ನಗರಸಭೆಯದು, ಕಟ್ಟಿದವರು ಈ ಬೀದಿಯ ಅಜ್ಜ ಅಜ್ಜಿಯರು. ಜನ ಸೇರುವಷ್ಟು ದಿನ ಅದು ಬೀದಿಯದು, ಸೇರುವುದು ನಿಂತರೆ ವಾಪಸು ನಗರಸಭೆಯದು ಎಂದು ಆಗಲೇ ಮಾತಾಗಿತ್ತು. ಈಗ ನಗರಸಭೆಗೆ ಹಳೆಯ ಕಡತ ತುಂಬಲು ಒಂದು ಗೋದಾಮು ಬೇಕಾಗಿದೆ. ಭವನವನ್ನು ನೋಡಿಹೋಗಲು ಅಧಿಕಾರಿ ಬರುತ್ತಾರಂತೆ.

ಸಮಿತಿ ಸೇರಿ ತೀರ್ಮಾನಿಸಿದ್ದನ್ನು ಮೇಷ್ಟ್ರು ಪಾಠದ ಹಾಗೆ ಒಪ್ಪಿಸಿದರು. ಸುಣ್ಣ ಬಣ್ಣ ಆಗಬೇಕು. ಕುರ್ಚಿಗಳಿಗೆ, ಬೆಂಚಿಗೆ ವಾರ್ನಿಷ್ ಆಗಬೇಕು. ಅಧಿಕಾರಿ ಬಂದು ಹೋಗುವ ತನಕ ಒಂದು ಗೀರೂ ಬೀಳಬಾರದು, ಯಾರಿಗೂ ಬಾಗಿಲು ತೆರೆಯಬಾರದು.

ಸರಿ ಎಂದೆ. ಅಕ್ಕ ಇದ್ದಿದ್ದರೆ, ಮೇಷ್ಟ್ರೇ ನಿಮಗೆ ತಲೆ ನೆಟ್ಟಗಿದೆಯಾ ಎಂದು ಕೇಳುತ್ತಿದ್ದಳು. ನನಗೆ ಕೇಳಬೇಕು ಅನ್ನಿಸಲಿಲ್ಲ. ಭವನ ಉಳಿದರೂ ನನಗೆ ಅಷ್ಟೇ, ಹೋದರೂ ಅಷ್ಟೇ. ಹೋಗಿ ಬೀಗ ಹಾಕಿಬಂದೆ.

ಮಾರ್ಚ್ 10, ಸೋಮವಾರ

ಮೆಷಿನ್ನಿನ ಸೂಜಿ ಬೆರಳಿಗೆ ಹೊಕ್ಕಿತು. ಬಿಳಿ ಬಟ್ಟೆಯ ಮೇಲೆ ಕೆಂಪು ಕಂಡ ಮೇಲೆ ಗೊತ್ತಾಯಿತು. ತಣ್ಣೀರಿನಲ್ಲಿ ತೊಳೆದೆ. ಕಲೆ ಹೋಯಿತು.

ಮಾರ್ಚ್ 14, ಶುಕ್ರವಾರ

ಪಕ್ಕದ ಕಟ್ಟಡದ ಮೇಲ್ಮನೆಯವಳು ಬಂದು ಬೆಂಚು ಬೇಕು ಎಂದಳು. ಕೊಡುವ ಹಾಗಿಲ್ಲ ಎಂದೆ.

ಬೆಂಚಿನ ವಿಷಯ ಬರೆದಿಡುತ್ತೇನೆ. ಭವನದಲ್ಲಿ ಕಿಟಕಿಯ ಕೆಳಗೆ ಒಂದು ಬೆಂಚಿದೆ. ಯಾವ ಬಡಗಿ ಅಳತೆ ತಪ್ಪಿ ಮಾಡಿದನೋ, ಇಬ್ಬರಿಗೆ ಸ್ವಲ್ಪ ಚಿಕ್ಕದು, ಒಬ್ಬರಿಗೆ ಬಹಳ ದೊಡ್ಡದು. ಈ ಬೀದಿಯಲ್ಲಿ ಯಾರಿಗೇ ಜಗಳವಾದರೂ ಇಬ್ಬರೂ ಬಂದು ಅದರ ಮೇಲೆ ಕೂರಬೇಕು. ಎದುರುಬದುರು ಅಲ್ಲ, ಪಕ್ಕಪಕ್ಕ, ಭುಜಕ್ಕೆ ಭುಜ ತಾಗುವ ಹಾಗೆ. ಇಬ್ಬರೂ ಹೇಳುವುದೆಲ್ಲ ಹೇಳಿ ಮುಗಿಸುವ ತನಕ ಯಾರೂ ಏಳುವ ಹಾಗಿಲ್ಲ. ಎದುರಿಗೆ ಸ್ಟೂಲಿನ ಮೇಲೆ ಒಬ್ಬರು ಕೂರಬೇಕು, ಆದರೆ ಬಾಯಿ ಬಿಡಬಾರದು. ಅದು ಮುಂಚಿನಿಂದ ಬಂದ ನಿಯಮ. ಜಗಳದ ಬೆಂಚು ಎಂದೇ ಅದಕ್ಕೆ ಹೆಸರು.

ಸ್ಟೂಲಿನ ಮೇಲೆ ಅಕ್ಕ ಕೂರುತ್ತಿದ್ದಳು. ಅಷ್ಟು ಬಾಯಿಯವಳು ಅಲ್ಲಿ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ನನ್ನಿಂದ ಹಳೆಯ ಬಟ್ಟೆ ತೆಗೆದುಕೊಂಡು ಹೋಗಿ, ಅವರು ಕಿತ್ತಾಡುವಾಗ ತಾನು ಹೊಲಿಗೆ ಬಿಚ್ಚುತ್ತ ಕೂರುತ್ತಿದ್ದಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರಲ್ಲ, ಅಷ್ಟು ಹೊತ್ತು ಯಾಕೆ, ಊಟಕ್ಕೆ ಮುಂಚೆ ಇಲ್ಲೇ ಮುಗಿಸಲಿ ಎನ್ನುತ್ತಿದ್ದಳು.

ಮೇಲ್ಮನೆಯವಳಿಗೆ ಕೆಳಮನೆಯವನ ಜೊತೆ ತಕರಾರು. ಇವಳು ಒಣಹಾಕಿದ ಬಟ್ಟೆಯ ನೀರು ಅವನ ಹೂಕುಂಡಗಳ ಮೇಲೆ ತೊಟ್ಟಿಕ್ಕುತ್ತದಂತೆ. ಹೂವಿಗೆ ನೀರು ಬಿದ್ದರೆ ಏನು ತೊಂದರೆ ಎಂದು ಇವಳು. ಸೋಪಿನ ನೀರು ಎಂದು ಅವನು. ವಾರ್ನಿಷ್ ಹಾಕಿದ್ದಾರೆ, ಹಗ್ಗ ಕಟ್ಟಿದ್ದಾರೆ, ಮುಟ್ಟಬೇಡಿ ಎಂದು ಬೋರ್ಡು ಬಿದ್ದಿದೆ ಎಂದೆ. ಹಾಗಾದರೆ ನಾವು ಎಲ್ಲಿ ಜಗಳ ಆಡುವುದು ಎಂದು ಕೇಳಿದಳು. ಬೀದಿಯಲ್ಲಿ ಆಡಿ ಎಂದೆ.

ಮಾರ್ಚ್ 17, ಸೋಮವಾರ

ಸೂಜಿ ತರಲು ಎರಡು ಬೀದಿ ದಾಟಿ ಹೋಗಬೇಕಾಯಿತು. ಇಲ್ಲೇ ಮೂಲೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಅದರ ಮಾಲೀಕ ಮೊಳೆಯಣ್ಣ ಮೊಳೆ, ಬೋಲ್ಟುಗಳ ಜೊತೆ ನನಗಾಗಿ ಮೆಷಿನ್ ಸೂಜಿಯನ್ನೂ ತರಿಸಿಡುತ್ತಾರೆ. ಆದರೆ ನಾನು ಅಲ್ಲಿಗೆ ಹೋಗುವುದಿಲ್ಲ.

ಆಸ್ಪತ್ರೆಯಲ್ಲಿ ಕೊನೆಯ ದಿನ ಡಾಕ್ಟರ್, ಹೆಚ್ಚು ದಿನವಿಲ್ಲ ಎಂದು ಹೋದ ಬೇಸಿಗೆಯಲ್ಲೇ ಹೇಳಿದ್ದೆವಲ್ಲ ಅಂದರು. ಯಾರಿಗೆ ಎಂದು ಕೇಳಿದೆ. ಅಕ್ಕನಿಗೆ ಗೊತ್ತಿತ್ತು. ಮೊಳೆಯಣ್ಣನಿಗೂ ಗೊತ್ತಿತ್ತು, ಅಂಗಡಿಯ ವ್ಯಾನಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುತ್ತಿದ್ದವರು ಅವರೇ. ಅಕ್ಕ ಭವನದ ಕೆಲಸವಿದೆ ಎಂದು ನನಗೆ ಹೇಳಿ ಹೋಗುತ್ತಿದ್ದಳು. ಗೋಡೆಯ ಪಕ್ಕ ನಿಂತಿದ್ದ ಮೊಳೆಯಣ್ಣ ಆಗ ತಲೆ ಎತ್ತಲಿಲ್ಲ.

ಆ ದಿನ ಬೆಳಿಗ್ಗೆ ಕೂಡ ನಾನು ಅವಳೊಡನೆ ಕಿಟಕಿಯ ವಿಷಯಕ್ಕೆ ಜಗಳ ಆಡಿದ್ದೆ. ಅವಳಿಗೆ ಕಿಟಕಿ ತೆರೆದಿರಬೇಕು. ತೆರೆದರೆ ಬೀದಿಯ ಧೂಳೆಲ್ಲ ಗಿರಾಕಿಯ ಬಟ್ಟೆಗೆ. ಗೊತ್ತಿದ್ದರೆ ನಾನು ಕಿಟಕಿ ಇರಲಿ, ಗೋಡೆಯನ್ನೇ ಒಡೆಸುತ್ತಿದ್ದೆ. ಅವಳ ಜೊತೆ ಒಂದು ಜಗಳ ಬಾಕಿ ಇದೆ. ಸತ್ತವರ ಜೊತೆ ಹೇಗೆ ಆಡುವುದೋ ಗೊತ್ತಿಲ್ಲ.

ಈಗ ಕಿಟಕಿ ಮುಚ್ಚಿದೆ. ಧೂಳಿಲ್ಲ.

ಮಾರ್ಚ್ 21, ಶುಕ್ರವಾರ

ನಗರಸಭೆಯ ಅಧಿಕಾರಿ ಬಂದರು. ನಡುವಯಸ್ಸಿನ ಹೆಂಗಸು, ನೆಗಡಿಯಾಗಿತ್ತು, ಮೂಗು ಒರೆಸಿಕೊಳ್ಳುತ್ತಲೇ ಇದ್ದರು. ನಾನು ಬೀಗ ತೆಗೆದೆ. ಒಳಗೆ ಬಣ್ಣದ ವಾಸನೆ. ಕುರ್ಚಿಗಳನ್ನೆಲ್ಲ ಗೋಡೆಗೆ ಸಾಲಾಗಿ ಜೋಡಿಸಿ ಮೇಲೆ ಹಾಳೆ ಹೊದಿಸಿದ್ದರು. ಬೆಂಚಿನ ಸುತ್ತ ಕೆಂಪು ಹಗ್ಗ.

ಅಧಿಕಾರಿ ಒಂದು ಸುತ್ತು ಬಂದು, ತುಂಬ ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದರು. ಮೇಷ್ಟ್ರು ಉಬ್ಬಿಹೋದರು. ಇಲ್ಲಿ ಕೊನೆಯ ಸಭೆ ಯಾವಾಗ ಆಯಿತು ಎಂದು ಅಧಿಕಾರಿ ಕೇಳಿದರು.

"ಸಭೆನಾ? ಎರಡು ವಾರದಿಂದ ಒಂದು ನೊಣಾನೂ ಒಳಗೆ ಬಿಟ್ಟಿಲ್ಲ ಮೇಡಂ" ಎಂದರು ಮೇಷ್ಟ್ರು.

ಅಧಿಕಾರಿ ಬರೆದುಕೊಂಡರು. ಬಳಕೆಯಲ್ಲಿ ಇಲ್ಲ ಎಂದು. ಏನು ಬರೆದಿರಿ ಎಂದು ಮೇಷ್ಟ್ರು ಇಣುಕಿ ನೋಡಿದ ಮೇಲೆ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಏನೇನೋ ಹೇಳಿದರು, ಕೈ ಮುಗಿದರು. ಅಧಿಕಾರಿ ಒಳ್ಳೆಯ ಹೆಂಗಸೇ. ಕಂಡದ್ದನ್ನು ತಾನೇ ಬರೆಯಬೇಕು, ಮುಂದಿನ ತಿಂಗಳು ಇನ್ನೊಂದು ಸಲ ಬರುತ್ತೇನೆ, ಆಗಲೂ ಹೀಗೇ ಇದ್ದರೆ ಕಡತ ತುಂಬಿದ ಲಾರಿ ಬರುತ್ತದೆ ಎಂದು ಹೇಳಿ ಹೋದರು.

ಕೋಟೆ ಕೊಳ್ಳೆಹೋದ ಮೇಲೆ ಬಾಗಿಲು ಹಾಕುವವರನ್ನು ಕೇಳಿದ್ದೆ. ಬಾಗಿಲು ಹಾಕಿಯೇ ಕೋಟೆ ಕಳೆದುಕೊಂಡವರು ಬಹುಶಃ ನಾವೇ ಇರಬೇಕು. ನಗು ಬರಬೇಕಿತ್ತು. ಮನೆಗೆ ಬಂದು ಒಂದು ಪ್ಯಾಂಟಿಗೆ ಜಿಪ್ ಹಾಕಿದೆ.

ಮಾರ್ಚ್ 22, ಶನಿವಾರ

ಏನೂ ಇಲ್ಲ.

ಮಾರ್ಚ್ 27, ಗುರುವಾರ

ಮೇಲ್ಮನೆಯವಳೂ ಕೆಳಮನೆಯವನೂ ನಾನು ಹೇಳಿದ ಹಾಗೆಯೇ ಬೀದಿಯಲ್ಲಿ ಜಗಳಕ್ಕೆ ಇಳಿದರು. ಅದೂ ನನ್ನ ಕಿಟಕಿಯ ಕೆಳಗೇ. ಅವನು ಅವಳ ಬಟ್ಟೆಯ ತಂತಿ ಕತ್ತರಿಸಿದ್ದಾನೆ, ಅವಳು ಅವನ ಕುಂಡ ಒಡೆದಿದ್ದಾಳೆ. ಮಧ್ಯಾಹ್ನವೆಲ್ಲ ಇದೇ ರಾಮಾಯಣ. ನಾನು ಕೋಟಿನ ತೋಳು ಕೂರಿಸುತ್ತಿದ್ದೆ, ಆ ಗಲಾಟೆಗೆ ಎಡಗೈ ತೋಳು ಬಲಕ್ಕೆ ಹೊಲಿದುಬಿಟ್ಟೆ.

ಆಮೇಲೆ ಬೀಗದ ಕೈ ತೆಗೆದುಕೊಂಡು ಹೋದೆ. ಭವನ ತೆರೆದೆ. ಹಗ್ಗ ಬಿಚ್ಚಿದೆ. ಇಬ್ಬರಿಗೂ ಕೂರಿ ಎಂದೆ. ಮುಟ್ಟಬಾರದಂತಲ್ಲ ಎಂದು ಅವನು ಬೋರ್ಡು ತೋರಿಸಿದ. ಬೋರ್ಡು ಓದೋಕೆ ಬಂದಿದ್ದೀರಾ, ಜಗಳ ಆಡೋಕೆ ಬಂದಿದ್ದೀರಾ ಎಂದು ಕೇಳಿದೆ. ಕೂತರು. ಸ್ಟೂಲು ಖಾಲಿ ಇತ್ತು, ಬೇರೆ ಯಾರೂ ಇರಲಿಲ್ಲ, ನಾನೇ ಕೂತೆ. ಹೇಗೂ ತಪ್ಪು ಹೊಲಿದ ತೋಳು ಬಿಚ್ಚಬೇಕಿತ್ತು, ಬಿಚ್ಚುತ್ತ ಕೂತೆ.

ಆಗ ಗೊತ್ತಾದದ್ದು: ಮೇಲ್ಮನೆಯವಳ ಗಂಡ ಆ ತಂತಿ ಕಟ್ಟಿಕೊಟ್ಟು ದೂರದ ಕೆಲಸಕ್ಕೆ ಹೋದವನು, ಮೂರು ತಿಂಗಳಿಂದ ಫೋನೇ ಇಲ್ಲವಂತೆ. ಕೆಳಮನೆಯವನು ತನಗೆ ಗೊತ್ತಿರಲಿಲ್ಲ ಎಂದ. ನಾಳೆ ತಾನೇ ತಂತಿ ಕಟ್ಟುತ್ತೇನೆ, ಒಂದಡಿ ಆಚೆ ಕಟ್ಟಲಾ ಎಂದು ಕೇಳಿದ. ಕಟ್ಟಿ ಎಂದಳು.

ಎದ್ದೇಳಲು ನೋಡಿದರೆ ವಾರ್ನಿಷ್ ಇನ್ನೂ ಪೂರ್ತಿ ಒಣಗಿರಲಿಲ್ಲ. ಇಬ್ಬರೂ ಬೆಂಚಿಗೆ ಅಂಟಿಕೊಂಡಿದ್ದರು. ಅವಳ ಸ್ಕರ್ಟಿನ ಹಿಂಭಾಗ, ಅವನ ಪ್ಯಾಂಟಿನ ಹಿಂಭಾಗ, ಎರಡನ್ನೂ ಈಗ ನಾನೇ ಸರಿಮಾಡಿಕೊಡಬೇಕು. ಬೆಂಚಿನ ಮೇಲೆ ಬಟ್ಟೆಯ ನೇಯ್ಗೆ ಅಚ್ಚು ಒತ್ತಿದ ಹಾಗೆ ಮೂಡಿದೆ.

ಮೇಷ್ಟ್ರು ಬಂದು ನೋಡಿ ತಲೆ ಮೇಲೆ ಕೈ ಹೊತ್ತರು. ಯಾರನ್ನು ಕೇಳಿ ತೆರೆದಿರಿ ಎಂದರು. ಯಾರನ್ನೂ ಕೇಳಲಿಲ್ಲ ಎಂದೆ. ಸುಮ್ಮನೆ ಹೇಳಿದೆ, ಸಿಟ್ಟಿನಿಂದಲ್ಲ.

ಏಪ್ರಿಲ್ 2, ಬುಧವಾರ

ಒಂದು ಸಲ ತೆರೆದದ್ದೇ ತಪ್ಪಾಯಿತು. ದಿನಾ ಸಂಜೆ ಯಾರಾದರೂ ಬಂದು ನಮ್ಮ ಬಾಗಿಲಲ್ಲಿ ನಿಲ್ಲುತ್ತಾರೆ. ನಿನ್ನೆ ಅಣ್ಣ ತಮ್ಮ, ಒಂದು ಏಣಿಯ ವಿಷಯಕ್ಕೆ. ಇವತ್ತು ಅತ್ತೆ ಸೊಸೆ, ವಿಷಯ ಯಾವುದೆಂದು ಅವರಿಗೂ ನೆನಪಿರಲಿಲ್ಲ. ಬೆಂಚಿನವರನ್ನು ನೋಡಲು ಬಂದವರು ಕುರ್ಚಿ ಎಳೆದುಕೊಂಡು ಕೂರುತ್ತಾರೆ, ಕೂತವರು ಬೇರೆ ಮಾತು ತೆಗೆಯುತ್ತಾರೆ. ಬೀದಿ ದೀಪ ಹಾಳಾಗಿದೆ, ಯಾರು ಅರ್ಜಿ ಕೊಡುವುದು. ಚರಂಡಿ ಕಟ್ಟಿದೆ, ಯಾರನ್ನು ಕರೆಯುವುದು. ಒಬ್ಬರೂ ಕುರ್ಚಿ ತಿರುಗಿ ಜಾಗಕ್ಕಿಡುವುದಿಲ್ಲ. ದಿನಾ ಕೂಗಿ ಹೇಳಬೇಕು.

ನನಗೆ ಇದೆಲ್ಲ ಬೇಕಾಗಿಲ್ಲ. ಬಿಚ್ಚುವ ಕೆಲಸ ಮುಗಿಯುತ್ತದೆಂದು ಹೋಗುತ್ತೇನೆ ಅಷ್ಟೇ. ಗಂಟಲು ನೋಯುತ್ತಿದೆ. ಅಧಿಕಾರಿಯ ನೆಗಡಿ ನನಗೆ ಅಂಟಿರಬೇಕು.

ಮೊಳೆಯಣ್ಣನೂ ಬರುತ್ತಾರೆ. ಬಾಗಿಲ ಹತ್ತಿರ ನಿಂತಿದ್ದು ಹೋಗುತ್ತಾರೆ. ನಾನು ಆ ಕಡೆ ನೋಡುವುದಿಲ್ಲ.

ಏಪ್ರಿಲ್ 9, ಬುಧವಾರ

ನಾಡಿದ್ದು ಅಧಿಕಾರಿ ಬರುತ್ತಾರೆ. ಮೇಷ್ಟ್ರಿಗೆ ಈಗ ಹೊಸ ಹುಚ್ಚು. ಆದರ್ಶ ಸಭೆಯೊಂದನ್ನು ನಡೆಸಿ ತೋರಿಸಬೇಕಂತೆ. ಯಾರು ಎಲ್ಲಿ ಕೂರಬೇಕು, ಯಾರು ಏನು ಹೇಳಬೇಕು ಎಂದು ಚೀಟಿ ಬರೆದು ಹಂಚಿದ್ದಾರೆ. ಕೆಳಮನೆಯವನಿಗೆ ಬಂದದ್ದು, ಈ ಭವನ ನಮ್ಮ ಉಸಿರು. ಅವನು ಬಾಯಿಪಾಠ ಮಾಡುತ್ತ ಕುಂಡಕ್ಕೆ ನೀರು ಹಾಕುತ್ತಿದ್ದ. ಬೆಂಚಿನ ಮೇಲಿನ ಗುರುತು ಕಾಣದಂತೆ ಒಂದು ಬಟ್ಟೆ ಹೊಲಿದುಕೊಡಿ ಎಂದು ಮೇಷ್ಟ್ರು ನನ್ನನ್ನು ಕೇಳಿದರು. ಆಗುವುದಿಲ್ಲ ಎಂದೆ. ಯಾಕೆ ಎಂದರು. ಯಾಕೆಂದು ನನಗೂ ಗೊತ್ತಿಲ್ಲ.

ಅಡುಗೆಗೆ ಉಪ್ಪು ಜಾಸ್ತಿಯಾಗಿತ್ತು. ಎಷ್ಟೋ ದಿನದ ಮೇಲೆ ಅದು ಗೊತ್ತಾಯಿತು.

ಏಪ್ರಿಲ್ 11, ಶುಕ್ರವಾರ

ಇವತ್ತು ಅಕ್ಷರ ಸೊಟ್ಟ ಬರುತ್ತಿದೆ. ಆದದ್ದು ಆದ ಹಾಗೆ ಬರೆಯುತ್ತೇನೆ.

ಅಧಿಕಾರಿ ಬರುವುದು ಮಧ್ಯಾಹ್ನ ಎಂದಿತ್ತು. ಬೆಳಿಗ್ಗೆಯಿಂದಲೇ ಎಲ್ಲರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಭವನದಲ್ಲಿ ಕೂತಿದ್ದರು. ಮೊಳೆಯಣ್ಣ ಏಣಿ ಹತ್ತಿ ಫ್ಯಾನ್ ಸರಿಮಾಡುತ್ತಿದ್ದರು. ನಾನು ಸ್ಟೂಲಿನ ಮೇಲೆ ಒಂದು ಹಳೆಯ ಕೋಟಿನ ಅಸ್ತರು ಬಿಚ್ಚುತ್ತಿದ್ದೆ. ಮೇಷ್ಟ್ರು ಬಂದು ನನ್ನ ಕೈಗೂ ಒಂದು ಚೀಟಿ ಕೊಟ್ಟರು. ನಮ್ಮ ಅಕ್ಕ ಈ ಭವನಕ್ಕಾಗಿ ಪ್ರಾಣ ಕೊಟ್ಟರು ಎಂದು ನಾನು ಹೇಳಬೇಕಂತೆ. ಹೇಳುವಾಗ ಸ್ವಲ್ಪ ಕಣ್ಣೀರು ಬಂದರೆ ಒಳ್ಳೆಯದಂತೆ.

"ನಮ್ಮಕ್ಕ ಭವನಕ್ಕೆ ಪ್ರಾಣ ಕೊಡ್ಲಿಲ್ಲ ಮೇಷ್ಟ್ರೇ, ಹೊಟ್ಟೆಯೊಳಗಿನ ಗಡ್ಡೆಗೆ ಕೊಟ್ಟಳು" ಎಂದೆ. "ಯಾವಾಗಿಂದ ಇತ್ತು, ಎಷ್ಟು ನೋಯ್ತಿತ್ತು ಅಂತ ನನಗೆ ಗೊತ್ತಿಲ್ಲ. ಏಣಿ ಮೇಲಿದ್ದಾರಲ್ಲ, ಅವರನ್ನ ಕೇಳಿ."

ಜೋರಾಗಿ ಹೇಳಿದೆನೇನೋ. ಎಲ್ಲರೂ ಏಣಿಯ ಕಡೆ ತಿರುಗಿದರು. ಮೊಳೆಯಣ್ಣ ಒಂದೊಂದೇ ಮೆಟ್ಟಿಲು ಇಳಿದು ಬಂದರು. ಮೇಲ್ಮನೆಯವಳು ಎದ್ದು ಬೆಂಚಿನ ಕಡೆ ಕೈ ತೋರಿಸಿದಳು. "ನಡೀರಿ. ನಿಯಮ ಎಲ್ಲರಿಗೂ ಒಂದೇ" ಎಂದಳು.

ಹೋಗಿ ಕೂತೆ. ಮೊಳೆಯಣ್ಣ ಪಕ್ಕದಲ್ಲಿ ಕೂತರು. ಸ್ಟೂಲಿನ ಮೇಲೆ ಯಾರಾದರೂ ಬೇಕಲ್ಲ, ಹತ್ತಿರ ನಿಂತಿದ್ದವರು ಮೇಷ್ಟ್ರೇ. ನನ್ನ ಕೋಟನ್ನೂ ಸಣ್ಣ ಕತ್ತರಿಯನ್ನೂ ಯಾರೋ ಅವರ ಕೈಗೆ ಕೊಟ್ಟರು. ಜೀವಮಾನದಲ್ಲಿ ಮೊದಲ ಸಲ ಮೇಷ್ಟ್ರು ಬಾಯಿ ಮುಚ್ಚಿ ಕೂತರು.

ನಾನು ಕೇಳಿದೆ. "ನಾನೂ ಅಕ್ಕನೂ ಒಂದೇ ಮನೆ, ಒಂದೇ ಒಲೆ, ಪಕ್ಕದ ಮಂಚ. ನನಗೆ ಯಾಕೆ ಹೇಳ್ಲಿಲ್ಲ ನೀವು?"

"ಅಕ್ಕ ಬೇಡ ಅಂದ್ರು."

"ಬಾವಿಗೆ ಬೀಳು ಅಂದಿದ್ರೆ ಬೀಳ್ತಿದ್ರಾ?"

ಅವರು ಯೋಚನೆ ಮಾಡಿದರು. "ಅಕ್ಕ ಹೇಳಿದ್ರೆ ಬೀಳ್ತಿದ್ದೆ" ಎಂದರು. ಹಿಂದೆ ಯಾರೋ ನಕ್ಕರು, ನನ್ನ ಬಾಯಿಗೂ ನಗು ಬಂದು ಹೋಯಿತು. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಕಳ್ಳ ಎಂದೆ. ನನ್ನ ಪಾಲಿನ ದಿನಗಳನ್ನು ವ್ಯಾನಿನಲ್ಲಿ ತುಂಬಿಕೊಂಡು ಹೋದವರು ನೀವು ಎಂದೆ. ಅವರು ಎಲ್ಲಕ್ಕೂ ಹೌದು ಎಂದರು. ನಾನು ಸುಸ್ತಾಗಿ ನಿಲ್ಲಿಸಿದ ಮೇಲೆ ತಮ್ಮದನ್ನು ಹೇಳಿದರು.

"ವಾಪಸ್ ಬರುವಾಗ ಒಂದ್ಸಲ ನಾನೂ ಕೇಳಿದೆ. ತಂಗಿಗೆ ಹೇಳಿ ಅಕ್ಕ, ತಪ್ಪಾಗುತ್ತೆ ಅಂದೆ. ಅದಕ್ಕೆ ಅವರು, ಹೇಳಿದ್ರೆ ನಾಳೆಯಿಂದ ಅವಳು ನಾನಂದಿದ್ದಕ್ಕೆಲ್ಲ ಹೂಂ ಅಂತಾಳೆ ಕಣೋ, ಕಿಟಕಿ ತೆಗಿ ಅಂದ್ರೆ ತೆಗೆದುಬಿಡ್ತಾಳೆ ಅಂದ್ರು. ಊರವರ ಜಗಳ ಎಲ್ಲ ಕೇಳಿ ಮನೆಗೆ ಹೋದ್ರೆ ನನ್ನ ಜೊತೆ ಜಗಳ ಆಡೋಕೆ ಒಬ್ಬರು ಬೇಡ್ವಾ, ಕೊನೇ ತನಕ ಆಡ್ಲಿ ಬಿಡು ಅಂದ್ರು."

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಅಕ್ಕನನ್ನು ಹೆಸರು ಹಿಡಿದು ಬೈದೆನಂತೆ. ಸ್ವಾರ್ಥಿ ಎಂದೆನಂತೆ, ನಾನು ಧೂಳಿಗೆ ಹೆದರಿ ಮುಚ್ಚಿದ ಕಿಟಕಿಗೂ ನೀನೇ ಕಾರಣ ಎಂದೆನಂತೆ. ಬೀದಿಯ ಆ ತುದಿಗೂ ಕೇಳಿಸಿತಂತೆ. ಅತ್ತೆನಂತೆ. ಮುಖ ಒದ್ದೆಯಾಗಿತ್ತು, ಹಾಗಾದರೆ ನಿಜವೇ ಇರಬೇಕು. ಮೊಳೆಯಣ್ಣನ ಅಂಗಿಯ ತೋಳು ಕೂಡ ಒದ್ದೆಯಾಗಿತ್ತು, ಬೆಂಚು ಚಿಕ್ಕದಲ್ಲವೇ.

ತಲೆ ಎತ್ತಿ ನೋಡಿದರೆ ಹಿಂದಿನ ಸಾಲಿನಲ್ಲಿ ಅಧಿಕಾರಿ ಕೂತಿದ್ದರು. ಬೇಗ ಬಂದುಬಿಟ್ಟಿದ್ದರು. ಎಷ್ಟು ಹೊತ್ತಿನಿಂದ ಕೂತಿದ್ದರೋ, ಯಾರೂ ಗಮನಿಸಿರಲಿಲ್ಲ. ಮೇಷ್ಟ್ರಿಗೆ ಮಾತ್ರ ಕಂಡಿದ್ದರಂತೆ. ಆದರೆ ಸ್ಟೂಲಿನ ಮೇಲಿದ್ದವರು ಬಾಯಿ ಬಿಡುವ ಹಾಗಿಲ್ಲ. ಅಧಿಕಾರಿ ಎದ್ದು ಬಂದು ಅವರನ್ನೇನೋ ಕೇಳಿದಾಗ ನಮ್ಮಿಬ್ಬರ ಕಡೆ ಕೈ ತೋರಿಸಿ ತಲೆ ಅಲ್ಲಾಡಿಸಿದರಂತೆ, ಇನ್ನೂ ಮುಗಿದಿಲ್ಲ ಎಂದು. ಅಧಿಕಾರಿ ತಿರುಗಿ ಹೋಗಿ ಕೂತು ಕಾದರಂತೆ.

ನಾವು ಎದ್ದ ಮೇಲೆ ಅವರು, ಇದೂ ನಿಮ್ಮ ಕಾರ್ಯಕ್ರಮದಲ್ಲಿತ್ತಾ ಎಂದು ಮೇಷ್ಟ್ರನ್ನು ಕೇಳಿದರು. ಇಲ್ಲ ಮೇಡಂ, ಕಾರ್ಯಕ್ರಮ ಇನ್ನೂ ಶುರುವಾಗಿಲ್ಲ ಎಂದರು ಮೇಷ್ಟ್ರು. ಬೆಂಚಿನ ಮೇಲಿನ ಬಟ್ಟೆಯ ಗುರುತನ್ನು ಅಧಿಕಾರಿ ಬೆರಳಿನಿಂದ ಮುಟ್ಟಿ ನೋಡಿದರು. ಇನ್ನು ಕಾರ್ಯಕ್ರಮ ಬೇಡ ಎಂದರು. ಕೆಳಮನೆಯವನ ಉಸಿರು ಅವನ ಜೇಬಿನಲ್ಲೇ ಉಳಿಯಿತು.

ಹೋಗುವಾಗ ಅಧಿಕಾರಿ ನನ್ನ ಹತ್ತಿರ ನಿಂತು ಈ ಭವನ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರು. ನಮ್ಮ ಅಕ್ಕ ಎಂದೆ. ಯಾರೂ ತಿದ್ದಲಿಲ್ಲ.

ಮೇಷ್ಟ್ರು ಹೊಲಿಗೆ ಬಿಚ್ಚುತ್ತ ಕೋಟಿನ ಬೆನ್ನನ್ನೇ ಕತ್ತರಿಸಿದ್ದಾರೆ. ಗಿರಾಕಿಗೆ ಏನು ಹೇಳುವುದೋ.

ಏಪ್ರಿಲ್ 18, ಶುಕ್ರವಾರ

ನಗರಸಭೆಯಿಂದ ಕಾಗದ ಬಂತು. ಭವನ ಬಳಕೆಯಲ್ಲಿದೆ ಎಂದಿದೆ. ಮೇಷ್ಟ್ರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲು ಹೊರಟಿದ್ದಾರೆ. ಮುಟ್ಟಬೇಡಿ ಎಂಬ ಬೋರ್ಡನ್ನು ಮೊಳೆಯಣ್ಣ ಕಿತ್ತು ಒಯ್ದರು. ಅವರ ಅಂಗಡಿಯಿಂದ ಸೂಜಿ ತಂದೆ. ತೆಗೆದಿಟ್ಟಿದ್ದರಂತೆ, ಒಂದು ಪೊಟ್ಟಣ ತುಂಬ ಇತ್ತು. ತಡವಾಗಿ ಕೊಟ್ಟಿರಿ ಎಂದು ಬೈದೆ.

ಕಿಟಕಿಯಿಂದ ಧೂಳು ಬಂದು ಮೆಷಿನ್ನಿನ ಮೇಲೆಲ್ಲ ಕೂತಿದೆ. ದಿನಾ ಒರೆಸುವುದೇ ಒಂದು ಕೆಲಸ. ಯಾರು ತೆರೆದಿಟ್ಟರೋ. ನಾನೇ ಇರಬೇಕು, ಮನೆಯಲ್ಲಿ ಇನ್ನು ಯಾರಿದ್ದಾರೆ.

ಸಂಜೆ ಒಂದು ಕೋಟು ಬಿಚ್ಚುತ್ತಿದ್ದೆ. ಬೀದಿಯಿಂದ ಮೇಲ್ಮನೆಯವಳು, "ಅಕ್ಕಾ, ಹೊತ್ತಾಯ್ತು, ಜನ ಕಾಯ್ತಿದ್ದಾರೆ" ಎಂದು ಕೂಗಿದಳು. ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಮೊಳೆಯಿಂದ ಬೀಗದ ಕೈ ತೆಗೆದುಕೊಂಡು ಹೊರಟೆ.